ಯಂತ್ರ ಬಂತು, ಗೋಡೆ ಒಪ್ಪಲಿಲ್ಲ!

ಕಲಬುರಗಿಯ ಬಿಸಿಲಿನ ಬಗ್ಗೆ ಹೊಸದಾಗಿ ಬರೆಯಲು ಏನೂ ಉಳಿದಿಲ್ಲ. ಏಪ್ರಿಲ್ ಬಂತೆಂದರೆ ಸರ್ಕಾರವೇ ಸೋತು ಕೈಯೆತ್ತಿ, ಈ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚಿ ಎಂದು ಆದೇಶ ಹೊರಡಿಸುತ್ತದೆ. ಸಾಹೇಬರು ಒಂದೂವರೆಗೆ ಮನೆ ಸೇರುತ್ತಾರೆ, ಸರಿ. ಆದರೆ ಮನೆಯಲ್ಲಿ ತಂಪು ಎಲ್ಲಿದೆ ಸ್ವಾಮಿ? ಹಗಲೆಲ್ಲಾ ಕಾದ ಮಾಳಿಗೆ ರಾತ್ರಿ ಹನ್ನೊಂದರವರೆಗೂ ಕೆಳಗೆ ಝಳ ಬಿಡುತ್ತಿರುತ್ತದೆ. ಅದಕ್ಕೇ ಈಗ ಸಾಧಾರಣ ಸಂಸಾರಸ್ಥರೂ ಏ.ಸಿ. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಹತ್ತಲಿ, ತಪ್ಪೇನಿಲ್ಲ. ಆದರೆ ಹತ್ತುವ ಮುನ್ನ ಮನೆಯ ಗೋಡೆ, ವೈರು, ಕರೆಂಟ್ ಬಿಲ್ಲು ಈ ಮೂರನ್ನೂ ಒಮ್ಮೆ ತಿರುಗಿ ನೋಡಿದವರು ಎಷ್ಟು ಮಂದಿ?

ಬ್ರಹ್ಮಪುರದ ಓಣಿಯೊಂದರಲ್ಲಿರುವ ಒಂದು ಮನೆಯ ಸಂಗತಿ ಕೇಳಿ. ಕಲ್ಲಿನ ಗೋಡೆ, ಕೆಳಗೂ ಮೇಲೂ ಶಹಾಬಾದ್ ಫರಸಿ. ಯಜಮಾನರು ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು. ತಾಯಿಗೆ ಎಪ್ಪತ್ತು ದಾಟಿದೆ, ಬಿ.ಪಿ. ಗುಳಿಗೆ ನಡೆದಿದೆ. ಹಿಂದಿನ ಬೇಸಿಗೆಯಲ್ಲಿ ಮುದುಕಿ ಒಂದು ಸಂಜೆ ತಲೆ ತಿರುಗಿ ಹಾಸಿಗೆ ಹಿಡಿದಾಗ, ಸೆಕೆಯಲ್ಲಿ ಇಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಕೂಲರ್ ಇತ್ತು. ಒಣ ಹವೆಗೆ ಕೂಲರ್ ಒಳ್ಳೆಯದೇ, ಕರೆಂಟೂ ಕಡಿಮೆ. ಆದರೆ ಅದಕ್ಕೆ ಕೊಡಗಟ್ಟಲೆ ನೀರು ಬೇಕು. ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ನಳದ ಮುಂದೆ ಕಾಯುವ ಮನೆಯಲ್ಲಿ ಕೂಲರಿಗೆ ನೀರು ಹೊರುವವರು ಯಾರು?

‘ಏನಾರ ಆಗ್ಲಿ, ಅವ್ವನ ಖೋಲಿಗೆ ಒಂದು ಏ.ಸಿ. ಹಾಕ್ಸೋಣು’ ಎಂದು ಯಜಮಾನರು ನಿಶ್ಚಯ ಮಾಡಿದರು. ಸ್ಪ್ಲಿಟ್ ಏ.ಸಿ.ಗೆ ಬೆಲೆ ಹೆಚ್ಚು, ತಾಮ್ರದ ಪೈಪು, ಹೊರಗೆ ಇನ್ನೊಂದು ಪೆಟ್ಟಿಗೆ, ಮನೆ ಬದಲಿಸಿದರೆ ಬಿಚ್ಚಿ ಜೋಡಿಸುವ ಖರ್ಚು. ಕಿಟಕಿ ಏ.ಸಿ. ಒಂದೇ ಪೆಟ್ಟಿಗೆ, ಎತ್ತಿ ಕೂರಿಸಿದರೆ ಮುಗಿಯಿತು. ಸದ್ದು ಸ್ವಲ್ಪ ಜಾಸ್ತಿ, ಆದರೆ ಹಳೆ ಪಂಖದ ಕೆಳಗೆ ಮಲಗಿದವರಿಗೆ ಅದೇನು ದೊಡ್ಡದು!

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಸೇಲ್ಸ್‌ಮನ್ ಹುಡುಗ ಖೋಲಿ ಎಷ್ಟು ಫೂಟು ಎಂದು ಕೇಳುವ ಮೊದಲೇ, ‘ಒಂದೂವರೆ ಟನ್ ತಗೋರಿ ಸರ್, ನಮ್ಮ ಬಿಸಿಲಿಗೆ ಒಂದು ಟನ್ ಯಾವ ಮೂಲೀಗೂ ಸಾಲಂಗಿಲ್ಲ’ ಎಂದ. ಈ ‘ಟನ್’ ಯಂತ್ರದ ತೂಕವಲ್ಲ. ಹಿಂದೆ ಬರ್ಫದ ಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದ ಲೆಕ್ಕ ಅದು. ಒಂದು ಅಮೆರಿಕನ್ ಟನ್, ಎಂದರೆ ಸುಮಾರು 907 ಕಿಲೋ ಬರ್ಫ, 24 ಗಂಟೆಯಲ್ಲಿ ಕರಗಿ ಹೀರುವಷ್ಟು ಶಾಖವನ್ನು ಹೊರಹಾಕುವ ಶಕ್ತಿಯೇ ಒಂದು ಟನ್. ಮಾತು ಬಂತೆಂದು ಹೇಳುವುದಾದರೆ, ಇಂದಿನ ಏ.ಸಿ.ಯ ಮೂಲಪುರುಷ ಹುಟ್ಟಿದ್ದು ಯಾವ ಶ್ರೀಮಂತನ ಬಂಗಲೆಗೂ ಅಲ್ಲ, ಒಂದು ಛಾಪಖಾನೆಗೆ! 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣದ ಅಚ್ಚು ಕೂಡದಿದ್ದಾಗ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಗಾಳಿಯ ತೇವ ಹಿಡಿತಕ್ಕೆ ತರುವ ಯಂತ್ರ ರೂಪಿಸಿದ. ಮನುಷ್ಯರ ಸೆಕೆಯ ಚಿಂತೆ ಬಂದದ್ದು ಆಮೇಲೆ.

ಸಾಮಾನ್ಯ ಲೆಕ್ಕದಲ್ಲಿ 120 ಚದರಡಿಯವರೆಗಿನ ಖೋಲಿಗೆ ಒಂದು ಟನ್, 180ರವರೆಗೆ ಒಂದೂವರೆ. ಅವ್ವನ ಖೋಲಿ 10ಕ್ಕೆ 11 ಫೂಟು. ಆದರೆ ಹುಡುಗನ ಮಾತೂ ಪೂರಾ ಸುಳ್ಳಲ್ಲ. ಪೆಟ್ಟಿಗೆಯ ಮೇಲೆ ಬರೆದ ಶಕ್ತಿ ಹೊರಗೆ 35 ಡಿಗ್ರಿ ಇಟ್ಟು ಅಳೆದದ್ದು. ಇಲ್ಲಿ ಮೇ ತಿಂಗಳ ಮಧ್ಯಾಹ್ನ 42 ಆದಾಗ ಯಂತ್ರದ ಕಸುವು ಇಳಿಯುತ್ತದೆ, ಕರೆಂಟು ಏರುತ್ತದೆ. ಮೇಲಿನ ಮಹಡಿ, ತಲೆಯ ಮೇಲೆ ಕಾದ ಫರಸಿ ಬೇರೆ. ಹಾಗಾದರೆ ಒಂದೂವರೆ ಟನ್ನೇ ಸರಿಯೇ? ಅವಸರ ಬೇಡ. ಮಾಳಿಗೆಗೆ ದಪ್ಪಗೆ ಎರಡು ಸಲ ಬಿಳಿ ಸುಣ್ಣ ಬಳಿದು, ಪಡುವಣ ಕಿಟಕಿಗೆ ಹೊರಗಿನಿಂದ ಚಾಪೆ ಕಟ್ಟಿದರೆ ಖೋಲಿಯೊಳಗೆ ಬರುವ ಶಾಖವೇ ಕಡಿಮೆಯಾಗುತ್ತದೆ. ಆ ಖರ್ಚು ಯಂತ್ರದ ಮುಂದೆ ಏನೂ ಅಲ್ಲ. ಯಜಮಾನರು ಸುಣ್ಣ ಬಳಿಸಿ ಒಂದು ಟನ್ನನ್ನೇ ತಂದರು. ರಾತ್ರಿ ಬಳಸುವ ಚಿಕ್ಕ ಖೋಲಿಗೆ ಅದು ಸಾಕು.

ಇನ್ನು ನಕ್ಷತ್ರಗಳ ವಿಚಾರ. ಏ.ಸಿ.ಗೆ ಈ ಚೀಟಿ ಕಡ್ಡಾಯವಾದದ್ದು 2010ರಲ್ಲಿ. ಕಿಟಕಿ ಏ.ಸಿ.ಯ ಅಳತೆಗೋಲೇ ಬೇರೆ, ಸ್ಪ್ಲಿಟ್‌ನ ಅಳತೆಗೋಲೇ ಬೇರೆ. ಹೀಗಾಗಿ ಕಿಟಕಿಯ ಐದು ಸ್ಟಾರನ್ನು ಸ್ಪ್ಲಿಟ್‌ನ ಐದಕ್ಕೆ ಹೋಲಿಸಿ ಮೋಸ ಹೋಗಬಾರದು. ಅಳತೆಗೋಲು ಆಗಾಗ ಬಿಗಿಯಾಗುವುದರಿಂದ, ಹಳೆ ದಾಸ್ತಾನಿನ ಐದು ಸ್ಟಾರು ಹೊಸ ಲೆಕ್ಕದಲ್ಲಿ ನಾಲ್ಕೋ ಮೂರೋ ಆಗಿರಬಹುದು. ಚೀಟಿಯ ಮೇಲಿನ ಇಸವಿ ಓದಬೇಕು. ಅದರಲ್ಲೇ ವರ್ಷಕ್ಕೆ ಇಷ್ಟು ಯೂನಿಟ್ ಎಂದೂ ಬರೆದಿರುತ್ತದೆ, ಅದು 1600 ಗಂಟೆ ಓಡಿಸಿದರೆ ಆಗುವ ಲೆಕ್ಕ. ಮೂರು ತಿಂಗಳು, ರಾತ್ರಿಗೆ ಏಳು ಗಂಟೆ ಓಡಿಸುವವರಿಗೆ 630 ಗಂಟೆ ಮಾತ್ರ. ಇಂಥವರು ಐದು ಸ್ಟಾರಿಗೆಂದು ಸುರಿದ ಹೆಚ್ಚುವರಿ ದುಡ್ಡು ವಾಪಸು ಬರಲು ವರ್ಷಗಳು ಬೇಕು. ಮೂರು ಸ್ಟಾರು ಧಾರಾಳ ಸಾಕು. 2025ರ ಸೆಪ್ಟೆಂಬರ್ 22ರಿಂದ ಏ.ಸಿ. ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಉಳಿದ ಆ ಹಣವನ್ನು ನಕ್ಷತ್ರಕ್ಕೆ ಹಾಕುವ ಬದಲು ವೈರಿಗೆ ಹಾಕಿದರೆ ಬುದ್ಧಿವಂತಿಕೆ.

ಒಂದೂವರೆ ಫೂಟಿನ ಗೋಡೆ

ಯಂತ್ರವೇನೋ ಆಟೋದಲ್ಲಿ ಬಂತು. ಕೂರಿಸಲು ಬಂದ ಮೆಕ್ಯಾನಿಕ್ ಕಿಟಕಿ ನೋಡಿ ತಲೆ ಕೆರೆದುಕೊಂಡ. ‘ಗ್ವಾಡಿ ದಪ್ಪ ಅದಾರಿ, ಹಿಂಗ ಕುಂಡ್ರಂಗಿಲ್ಲ.’

ಸಂಗತಿ ಇಷ್ಟೇ. ಕಿಟಕಿ ಏ.ಸಿ.ಯ ಹಿಂಭಾಗದ ಎರಡೂ ಪಕ್ಕಗಳಲ್ಲಿ ಸೀಳುಗಳಿರುತ್ತವೆ. ಹೊರಗಿನ ಗಾಳಿಯನ್ನು ಅದು ಅಲ್ಲಿಂದ ಎಳೆದುಕೊಂಡು ಬೆನ್ನಿನಿಂದ ಬಿಸಿ ಉಗುಳುತ್ತದೆ. ಇಟ್ಟಿಗೆಯ ಒಂಬತ್ತು ಇಂಚು ಗೋಡೆಯಲ್ಲಿ ಈ ಸೀಳುಗಳು ತಾವಾಗಿಯೇ ಹೊರಗೆ ಉಳಿಯುತ್ತವೆ. ನಮ್ಮ ಊರಿನ ಹಳೆ ಮನೆಗಳ ಕಲ್ಲುಗೋಡೆ ಒಂದೂವರೆ ಫೂಟು. ಅದರೊಳಗೆ ತುರುಕಿದರೆ ಸೀಳುಗಳು ಗೋಡೆಯಲ್ಲೇ ಹೂತು ಯಂತ್ರಕ್ಕೆ ಉಸಿರು ಕಟ್ಟುತ್ತದೆ. ತಂಪು ಬರುವುದಿಲ್ಲ, ಕರೆಂಟು ತಿನ್ನುತ್ತದೆ, ಕಂಪ್ರೆಸರ್ ಬೇಗ ಕೈಕೊಡುತ್ತದೆ. ಆಮೇಲೆ ‘ಕಂಪನಿ ಮಾಲೇ ಸರಿ ಇಲ್ಲ’ ಎಂಬ ದೂರು!

ಉಪಾಯವಿಲ್ಲದೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್‌ನ ಚೌಕಟ್ಟು ಮಾಡಿಸಿ ಗೋಡೆಗೆ ಭದ್ರವಾಗಿ ಬಿಗಿಸಿ, ಯಂತ್ರವನ್ನು ಸೀಳುಗಳು ಪೂರ್ತಿ ಬಯಲಾಗುವಷ್ಟು ಹೊರಕ್ಕೆ ಸರಿಸಿದರು. ಕಿಟಕಿಯ ಸರಳು ಕತ್ತರಿಸಬೇಕಾಯಿತು, ಅದಕ್ಕೆ ಬದಲಾಗಿ ಕಳ್ಳರ ಭಯಕ್ಕೆ ಹೊರಗೊಂದು ಜಾಲರಿ ಪಂಜರ. ಸುತ್ತ ಉಳಿದ ಸಂದಿಗೆ ಬಡಿಗ ಪ್ಲೈವುಡ್ ಬಡಿದು ಫೋಮು ತುಂಬಿದ. ಈ ಸಂದಿ ಬಿಟ್ಟರೆ ತಂಪು ಓಣಿಗೆ, ಅಳಿಲು ಮನೆಗೆ! ಯಂತ್ರ ಹತ್ತಿರ ಹತ್ತಿರ 50 ಕಿಲೋ ತೂಗುತ್ತದೆ. ಎರಡು ಮೊಳೆ, ಒಂದು ಹಲಗೆಯ ಮೇಲೆ ಅದನ್ನು ಕೂರಿಸಿ, ಕೆಳಗೆ ಮಕ್ಕಳು ಆಡುವ ಓಣಿಯ ಮೇಲೆ ತೂಗುಬಿಟ್ಟ ಮನೆಗಳೂ ಉಂಟು.

ಹಿಂಬದಿ ಅರ್ಧ ಇಂಚಿನಷ್ಟು ಕೆಳಕ್ಕೆ ವಾಲಿರಬೇಕು, ಇಲ್ಲವಾದರೆ ನೀರು ಹಾಸಿಗೆಗೆ ಬರುತ್ತದೆ. ವಾಲಿಸಿದರೋ, ಪಕ್ಕದ ಮನೆಯವರ ಕಟ್ಟೆಗೆ ತೊಟ್ಟಿಕ್ಕುತ್ತದೆ. ಬ್ರಹ್ಮಪುರದ ಓಣಿಗಳಲ್ಲಿ ಒಂದು ಮನೆಯ ಸಜ್ಜಾದಿಂದ ಇನ್ನೊಂದು ಮನೆಯ ಸಜ್ಜಾಕ್ಕೆ ಕೈ ಚಾಚಬಹುದು. ‘ಏನ್ರೀ ಅಕ್ಕಾವ್ರ, ನಿಮ್ಮ ಏ.ಸಿ. ನೀರು ನಮ್ಮ ಹಪ್ಪಳದ ಮ್ಯಾಲ ಬೀಳ್ತದಲ್ರಿ’ ಎಂದು ಮೂರನೇ ದಿನವೇ ದೂರು ಬಂತು. ಒಂದು ರಬ್ಬರ್ ಪೈಪು ಸಿಕ್ಕಿಸಿ ಬಕೆಟ್ಟಿಗೆ ಇಳಿಸಿದ ಮೇಲೆ ಶಾಂತಿ.

ಬೆಳಕು ಮಂಕಾದ ಬಲ್ಬು

ನಿಜವಾದ ಅಪಾಯ ಇದ್ದದ್ದು ಗೋಡೆಯಲ್ಲಲ್ಲ, ವೈರಿನಲ್ಲಿ. ಮರದ ಪಟ್ಟಿಯ ಮೇಲೆ ಹೊಡೆದ ಹಳೆ ಅಲ್ಯೂಮಿನಿಯಂ ವೈರು. ಎರಡು ಬಲ್ಬು, ಒಂದು ಪಂಖಕ್ಕೆಂದು ಎಳೆದದ್ದು. ಯಜಮಾನರು ಎಕ್ಸ್‌ಟೆನ್ಷನ್ ಬೋರ್ಡು ಹಿಡಿದು ನಿಂತಿದ್ದರು! ವೈರ್‌ಮನ್ ಬೈದು ಅದನ್ನು ಕಸಿದಿಟ್ಟ. ಒಂದು ಟನ್ ಯಂತ್ರ ಓಡುವಾಗ ಹೆಚ್ಚುಕಡಿಮೆ 1100 ವ್ಯಾಟ್ ಎಳೆಯುತ್ತದೆ, ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು. ತೆಳು ವೈರು ಪಟ್ಟಿಯೊಳಗೇ ಕಾದು ಕರಗುತ್ತದೆ. ಮನೆಮಂದಿ ತಂಪಾಗಿ ನಿದ್ದೆ ಹೋದ ಹೊತ್ತಿನಲ್ಲಿ!

ಅವನ ಮಾತಿನಂತೆ ಮೀಟರ್ ಬೋರ್ಡಿನಿಂದ ಖೋಲಿಯವರೆಗೆ 4 ಚ.ಮಿ.ಮೀ. ತಾಮ್ರದ ಪ್ರತ್ಯೇಕ ವೈರು, ಅದಕ್ಕೇ ಬೇರೆ ಎಂ.ಸಿ.ಬಿ., 16 ಆಂಪಿಯರ್‌ನ ಗಟ್ಟಿ ಮೂರು ಪಿನ್ನಿನ ಪ್ಲಗ್ ಹಾಕಲಾಯಿತು. ಆಮೇಲೆ ಅವನು ಬಲ್ಬು ಹಿಡಿದು ಅರ್ತ್ ಪರೀಕ್ಷಿಸಿದ. ಬಲ್ಬು ಮಂಕಾಗಿ ಮಿಣುಗಿತು. ಎಂದರೆ ಅರ್ತ್ ಹೆಸರಿಗೆ ಮಾತ್ರ ಇತ್ತು. ಎಂದೋ ಹೂತ ಪೈಪಿನ ಸುತ್ತ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಏ.ಸಿ. ಎಂದರೆ ತಗಡಿನ ಪೆಟ್ಟಿಗೆ, ಒಳಗೆ ನೀರು. ಅರ್ತ್ ಇಲ್ಲದೆ ಕರೆಂಟು ಮೈಗೆ ಇಳಿದರೆ ಮೊದಲು ಮುಟ್ಟುವವರು ಪಕ್ಕದ ಮಂಚದಲ್ಲಿ ಮಲಗಿದ ಅವ್ವ. ಇದ್ದಲು, ಉಪ್ಪು ಹಾಕಿ ಹೊಸ ಗುಂಡಿ ತೋಡಿಸಿದರು. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಅದಕ್ಕೊಂದು ತಂಬಿಗೆ ನೀರು ಹೊಯ್ಯಬೇಕು. ಕೂಲರಿನ ನೀರು ಉಳಿಯಿತಲ್ಲ, ಇರಲಿ.

ಓಲ್ಟೇಜ್ ಸಂಜೆ ಕುಸಿಯುವ ಓಣಿಯಾದ್ದರಿಂದ ಸ್ಟೆಬಿಲೈಸರ್ ಬೇರೆ ಬೇಕಾಯಿತು. ಜೊತೆಗೆ ಬಿಲ್ಲಿನ ಮೇಲೆ ಮಂಜೂರಾದ ಲೋಡು ಒಂದೇ ಕಿಲೋವ್ಯಾಟ್ ಎಂದಿತ್ತು. ಜೆಸ್ಕಾಂ ಕಚೇರಿಗೆ ಅರ್ಜಿ, ಠೇವಣಿ. ಲೋಡು ಏರಿದಷ್ಟು ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಅಂಗಡಿಯವ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ, ಗಿರಾಕಿಯೂ ಕೇಳಿರಲಿಲ್ಲ.

199 ಮತ್ತು 201

ಕೊನೆಗೆ ಉಳಿದದ್ದು ಸೊನ್ನೆ ಬಿಲ್ಲಿನ ಪ್ರಶ್ನೆ. ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಇದೇ ಕಲಬುರಗಿಯಲ್ಲಿ. 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿದಷ್ಟು ಯೂನಿಟ್ ಪುಕ್ಕಟೆ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ತಲೆಗೆ. ಈ ಮನೆಯ ಸರಾಸರಿ 80, ಪುಕ್ಕಟೆ 88. ಹಾಗಾದರೆ 199 ಬಳಸಿದರೆ 111ಕ್ಕೆ ದುಡ್ಡು, 201 ಬಳಸಿದರೆ 201ಕ್ಕೂ ದುಡ್ಡು. ಎರಡು ಯೂನಿಟ್ಟಿನ ಆಟ!

ಕಂಪ್ರೆಸರ್ ದಿನಕ್ಕೆ ಐದು ಗಂಟೆ ಓಡಿದರೆ ಯಂತ್ರವೊಂದಕ್ಕೇ ತಿಂಗಳಿಗೆ 165 ಯೂನಿಟ್. ಮನೆಯ ಉಳಿದ ಬಳಕೆ ಸೇರಿದರೆ ಇನ್ನೂರು ಎಂದೋ ದಾಟಿತು. ಮೂರೇ ಗಂಟೆ ಓಡಿದರೆ 99, ಆಗ ಗೆರೆಯೊಳಗೆ ಉಳಿಯಬಹುದು. ಮನೆಯ ಸೊಸೆ ಈ ಲೆಕ್ಕವನ್ನು ಗಂಡನಿಗಿಂತ ಮೊದಲು ಹಿಡಿದರು. ಸಂಜೆ ಏಳಕ್ಕೆ ಕಿಟಕಿ ಬಾಗಿಲು ತೆರೆದು ಖೋಲಿಯ ಬಿಸಿ ಹೊರಹಾಕುವುದು, ಹತ್ತಕ್ಕೆ ಯಂತ್ರ ಹಚ್ಚಿ 26 ಡಿಗ್ರಿಗೆ ಇಟ್ಟು ಪಂಖ ಸಣ್ಣಗೆ ತಿರುಗಿಸುವುದು, ನಸುಕಿನ ಮೂರಕ್ಕೆ ತಾನಾಗಿ ಆರುವಂತೆ ಟೈಮರ್. ಹದಿನೈದು ದಿನಕ್ಕೊಮ್ಮೆ ಜಾಳಿಗೆ ತೆಗೆದು ತೊಳೆಯುವುದು, ಈ ಊರಿನ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಪ್ರತಿ ರವಿವಾರ ಮೀಟರ್ ನೋಡಿ ಮಗನ ಹಳೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯುವುದು.

ಏಪ್ರಿಲ್‌ನಲ್ಲಿ 187 ಬಂತು. ಮೇ ತಿಂಗಳ ಮೂರನೇ ವಾರ ನೋಟ್‌ಬುಕ್ಕು 170 ತೋರಿಸಿದಾಗ ಸೊಸೆ ಟೈಮರ್ ಒಂದು ಗಂಟೆ ಹಿಂದಕ್ಕೆ ತಿರುಗಿಸಲು ಹೋದರು. ಯಜಮಾನರು ತಡೆದರು. ‘ಬ್ಯಾಡ, ಅವ್ವ ಈಗ ಕಣ್ಣು ಮುಚ್ಯಾಳ. ದಾಟಿದ್ರ ದಾಟ್ಲಿ.’ ಆ ತಿಂಗಳು 214 ಆಯಿತು. ಪೂರ್ತಿ ಬಿಲ್ಲು ಕಟ್ಟಿದರು.