ಗಲ್ಲಾ ಪಕ್ಕದ ಗಣಕಯಂತ್ರ: ವೇಗ ಹೆಚ್ಚಿಸುವುದೋ, ಬದಲಾಯಿಸುವುದೋ?

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ 19ರ ಸಂಜೆ ಗಾಂಧಿ ಬಜಾರಿನ ವರ್ತಕರೊಬ್ಬರು ನನ್ನ ಕಚೇರಿಗೆ ಗಾಬರಿಯಿಂದ ಬಂದರು. ಮಾರ್ಚ್ ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಸಲು ಮರುದಿನವೇ ಕೊನೆಯ ದಿನ. ಅಂಗಡಿಯ ಗಣಕಯಂತ್ರ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತಿತ್ತು. ಲೆಕ್ಕದ ಕಡತ ತೆರೆಯುತ್ತಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಇಂಜಿನಿಯರಿಂಗ್ ಓದುತ್ತಿದ್ದ ಮಗ ಚಳಿಗಾಲದ ರಜೆಯಲ್ಲಿ ಪ್ರೊಸೆಸರಿನ ವೇಗವನ್ನು 'ಪುಕ್ಕಟೆಯಾಗಿ' ಹೆಚ್ಚಿಸಿಕೊಟ್ಟಿದ್ದನು. ಡಿಸೆಂಬರಿನಲ್ಲಿ ಸೊಗಸಾಗಿ ನಡೆದ ಯಂತ್ರವು ಏಪ್ರಿಲ್ ಸೆಕೆಯಲ್ಲಿ, ಗಲ್ಲಾ ಕೆಳಗಿನ ಧೂಳಿನಲ್ಲಿ, ಸೋತಿತು. ಕೊನೆಯ ಬ್ಯಾಕಪ್ ಶಿವರಾತ್ರಿಗೂ ಮೊದಲಿನದು. ಆ ರಾತ್ರಿ ಇಬ್ಬರು ಗುಮಾಸ್ತರು ಕುಳಿತು ಒಂದು ತಿಂಗಳಿಗೂ ಮೀರಿದ ಬಿಲ್ಲುಗಳನ್ನು ಮತ್ತೆ ನಮೂದಿಸಬೇಕಾಯಿತು.

ಓವರ್‌ಕ್ಲಾಕಿಂಗ್ ಎಂದು ಕರೆಯಲಾಗುವ ಈ ವಿದ್ಯೆ ಹೊಸದೇನಲ್ಲ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು, ಬಸ್ಸಿನ ವೇಗ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸುತ್ತಿದ್ದರು. ಅಂದು ಅದು ನಿಜವಾದ ಲಾಭ. ಇಂದಿನ ಪ್ರೊಸೆಸರುಗಳು ಶಾಖಕ್ಕೆ ಅವಕಾಶವಿರುವಷ್ಟು ವೇಗವನ್ನು ತಾವಾಗಿಯೇ ಏರಿಸಿಕೊಳ್ಳುತ್ತವೆ; ನಮಗೆ ಉಳಿಯುವ ಪಾಲು ಅಲ್ಪ. ಇಂಟೆಲ್‌ನ ಸಾಮಾನ್ಯ ಐ3, ಐ5ಗಳಿಗೆ ಬೀಗ ಹಾಕಿಯೇ ಮಾರುತ್ತಾರೆ, ಹೆಸರಿನ ಕೊನೆಗೆ 'ಕೆ' ಇರುವವುಗಳಿಗೆ ಬಿಡುವುಂಟು. ಎಎಂಡಿಯ ರೈಜನ್‌ಗಳಲ್ಲಿ ಬಹುತೇಕ ಎಲ್ಲವೂ ಮುಕ್ತವಾದರೂ ಎ320ರಂಥ ಅಗ್ಗದ ಮದರ್‌ಬೋರ್ಡು ಅದಕ್ಕೆ ಒಪ್ಪದು.

ಲೆಕ್ಕ ಸರಳವಾಗಿದೆ. ಪ್ರೊಸೆಸರು ಬಳಸುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಎರಡನ್ನೂ ಶೇ. 10ರಷ್ಟು ಹೆಚ್ಚಿಸಿದರೆ ಶಾಖ ಶೇ. 33ರಷ್ಟು ಹೆಚ್ಚುತ್ತದೆ. ಹತ್ತು ಟನ್ನಿನ ಲಾರಿಗೆ ಹದಿಮೂರು ಟನ್ನು ಹೇರಿ ಘಾಟಿ ಹತ್ತಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಾರಿ ಕೆಟ್ಟರೆ ರಸ್ತೆಯಲ್ಲಿ ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ. ಮಿತಿಮೀರಿ ಓಡುವ ಪ್ರೊಸೆಸರು ನಿಲ್ಲದೆಯೇ ತಪ್ಪು ಬರೆಯಬಲ್ಲದು ಎಂಬುದೇ ನನ್ನ ಭಯ. ಅದರಿಂದಾದ ಹಾನಿಗೆ ವಾರಂಟಿಯೂ ಸಿಗದು. ಓವರ್‌ಕ್ಲಾಕಿಂಗ್‌ಗೆ ಬಿಲ್ಲಿಲ್ಲ, ಹೀಗಾಗಿ ಪುಸ್ತಕದಲ್ಲಿ ಸವಕಳಿಯೂ ಇಲ್ಲ. ಯಂತ್ರ ಮಾತ್ರ ಸವೆಯುತ್ತದೆ.

ಹಾಗಾದರೆ ನಿಧಾನವಾದ ಯಂತ್ರಕ್ಕೆ ಏನು ಮಾಡಬೇಕು? ಬಿಲ್ಲಿಂಗ್ ಯಂತ್ರಗಳು ನಿಧಾನವಾಗಲು ಪ್ರೊಸೆಸರು ಕಾರಣವಾಗಿರುವುದನ್ನು ನಾನು ಕಂಡದ್ದು ಅಪರೂಪ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, ಮೆಮೊರಿಯನ್ನು 4 ಜಿಬಿಯಿಂದ 8 ಅಥವಾ 16ಕ್ಕೆ ಏರಿಸಿದರೆ ಅದೇ ಯಂತ್ರ ಹೊಸದರಂತೆ ನಡೆಯುತ್ತದೆ. ಜೊತೆಗೊಂದು ಒಳ್ಳೆಯ ಯುಪಿಎಸ್ ಇರಲಿ.

ಆದರೆ ಎಲ್ಲ ಹಳೆಯ ಯಂತ್ರಗಳಿಗೂ ಈ ಮಾತು ಅನ್ವಯಿಸದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಮತ್ತು, ಸ್ಥೂಲವಾಗಿ ಹೇಳುವುದಾದರೆ, ಇಂಟೆಲ್‌ನ 8ನೇ ತಲೆಮಾರು ಅಥವಾ ರೈಜನ್ 2000 ಸರಣಿಯ ನಂತರದ ಪ್ರೊಸೆಸರು. ಎಷ್ಟು ವೇಗ ಏರಿಸಿದರೂ 6ನೇ ತಲೆಮಾರು 8ನೆಯದಾಗದು. ಬ್ಯಾಂಕ್ ವ್ಯವಹಾರವೂ ಜಿಎಸ್‌ಟಿ ಪೋರ್ಟಲ್ ಕೆಲಸವೂ ನಡೆಯುವ ಯಂತ್ರವನ್ನು ಭದ್ರತಾ ಪರಿಷ್ಕರಣೆಯಿಲ್ಲದೆ ನಡೆಸುವುದು ಬಾಗಿಲಿಗೆ ಚಿಲಕ ಹಾಕದೆ ಅಂಗಡಿ ಬಿಟ್ಟುಹೋದಂತೆ.

ಕೊಳ್ಳುವಾಗಲೇ ಮುಂದಿನ ಬದಲಾವಣೆಯನ್ನು ಯೋಚಿಸಿದವರಿಗೆ ಇಲ್ಲಿ ಅನುಕೂಲವಾಯಿತು. 2017ರಲ್ಲಿ ಮೊದಲ ತಲೆಮಾರಿನ ರೈಜನ್‌ನೊಂದಿಗೆ ಎಎಂ4 ಬೋರ್ಡು ಕೊಂಡವರಲ್ಲಿ ಅನೇಕರು, 2022ರಲ್ಲಿ ಬಂದ ಬಯೋಸ್ ಪರಿಷ್ಕರಣೆಯಿಂದ, ಅದೇ ಬೋರ್ಡಿನಲ್ಲಿ 5000 ಸರಣಿಯ ಪ್ರೊಸೆಸರು ಕೂರಿಸಬಹುದಾಯಿತು. ಇಂಟೆಲ್ ಪಾಳಯದಲ್ಲಿ 10 ಮತ್ತು 11ನೇ ತಲೆಮಾರುಗಳಿಗೆ ಒಂದು ಸಾಕೆಟ್ಟು, 12ರಿಂದ 14ಕ್ಕೆ ಇನ್ನೊಂದು. ಆದ್ದರಿಂದ ಜೋಡಿಸಿಕೊಡುವವರನ್ನು ಸಾಕೆಟ್ಟು ಯಾವುದು, ಮೆಮೊರಿಗೆ ಖಾಲಿ ಜಾಗ ಎಷ್ಟು, ಪವರ್ ಸಪ್ಲೈ ಎಷ್ಟು ವ್ಯಾಟಿನದು ಎಂದು ಕೇಳಿ, ಆ ವಿವರವನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿರಿ.

ಇನ್ನು ನನ್ನ ಕಸುಬಿನ ಮಾತು. ಆದಾಯ ತೆರಿಗೆಯಲ್ಲಿ ಗಣಕಯಂತ್ರದ ಸವಕಳಿ ದರ ಹಿಂದೆ ಶೇ. 60 ಇದ್ದದ್ದು 2017-18ರಿಂದ ಶೇ. 40ಕ್ಕೆ ಇಳಿದಿದೆ. 40,000 ರೂ. ಯಂತ್ರಕ್ಕೆ ಮೂರು ವರ್ಷಗಳಲ್ಲಿ ಕ್ರಮವಾಗಿ 16,000, 9,600 ಮತ್ತು 5,760 ರೂ. ಕಳೆದು ಉಳಿಯುವುದು 8,640 ರೂ. ಮಾತ್ರ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅರ್ಧ ಸವಕಳಿ. ದೀಪಾವಳಿಗೆ ಕೊಳ್ಳುವವರು ಇದನ್ನು ಮರೆಯುತ್ತಾರೆ. ಶೇ. 18 ಜಿಎಸ್‌ಟಿ, ಅಂದರೆ 7,200 ರೂ.ಗಳನ್ನು ಸಾಮಾನ್ಯ ನೋಂದಣಿದಾರರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು; ಆಗ ಆ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ವರ್ತಕರಿಗೆ ಈ ಜಮೆ ಇಲ್ಲ.

ಆ ವರ್ತಕರು ಮರುದಿನ ಸಂಜೆ ಅವಧಿಯೊಳಗೇ ರಿಟರ್ನ್ ಸಲ್ಲಿಸಿದರು. ತಪ್ಪಿದ್ದರೆ ದಿನಕ್ಕೆ 50 ರೂ. ಶುಲ್ಕದ ಜೊತೆಗೆ ತೆರಿಗೆಯ ಮೇಲೆ ವಾರ್ಷಿಕ ಶೇ. 18 ಬಡ್ಡಿ ಬೀಳುತ್ತಿತ್ತು. ಪ್ರೊಸೆಸರಿನ ವೇಗವನ್ನು ಮಗನೇ ಮೊದಲಿನ ಸ್ಥಿತಿಗೆ ಇಳಿಸಿದನು. ಈಗ ಪ್ರತಿ ಶನಿವಾರ ರಾತ್ರಿ ಬಾಗಿಲು ಹಾಕುವ ಮೊದಲು ಬ್ಯಾಕಪ್ ತೆಗೆದು, ಡಿಸ್ಕನ್ನು ಮನೆಗೆ ಒಯ್ಯುವ ಹೊಣೆಯೂ ಅವನದೇ.