ಹಾವಿನ ಮೊಟ್ಟೆಗೆ ಇನ್‌ಕ್ಯುಬೇಟರ್ ಬೇಕಾ?

ಶಂಕರಘಟ್ಟದ ಸುತ್ತ ಅಡಿಕೆ ತೋಟ, ಗದ್ದೆ, ಪಕ್ಕದಲ್ಲೇ ಭದ್ರಾ ಕಾಡು. ಇಂಥ ಕಡೆ ಗೊಬ್ಬರದ ಗುಂಡಿ ಕೆದಕುವಾಗ ಹಾವಿನ ಮೊಟ್ಟೆ ಸಿಕ್ಕರೆ ಆಶ್ಚರ್ಯವಿಲ್ಲ. ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಕ್ಷಣ ಹೊಳೆಯೋದು ಏನು ಹೇಳಿ? ಥರ್ಮೋಕೋಲ್ ಡಬ್ಬಿ, ಬಲ್ಬು, ಒಂದು ಆರ್ಡುಯಿನೊ, ಸೆನ್ಸರ್. ಮರಿ ಮಾಡೇ ಬಿಡೋಣ! ಆದರೆ ಕೋಳಿಮೊಟ್ಟೆಯ ಲೆಕ್ಕ ಇಲ್ಲಿ ನಡೆಯಲ್ಲ.

ಕೋಳಿಮೊಟ್ಟೆಯನ್ನು ದಿನಕ್ಕೆ ಹಲವು ಸಲ ತಿರುಗಿಸಬೇಕು. ಹಾವಿನ ಮೊಟ್ಟೆಯನ್ನು ತಿರುಗಿಸಲೇಬಾರದು. ಇಟ್ಟ ಸ್ವಲ್ಪ ಹೊತ್ತಿಗೆಲ್ಲ ಭ್ರೂಣ ಚಿಪ್ಪಿನ ಮೇಲ್ಭಾಗದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಅದು ಸಾಯಬಹುದು. ಅದಕ್ಕೇ ಅನುಭವಿ ಉರಗ ರಕ್ಷಕರು ಮೊಟ್ಟೆ ಸಾಗಿಸಲೇಬೇಕಾದಾಗ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತಾರೆ.

ಎರಡನೆಯದು ನೀರು. ಹಾವಿನ ಮೊಟ್ಟೆಯ ಚಿಪ್ಪು ಗಟ್ಟಿಯಲ್ಲ, ತೊಗಲಿನ ಹಾಗೆ ಮೆತ್ತಗೆ. ಸುತ್ತಲಿನ ತೇವ ಹೀರಿಕೊಂಡು ಮೊಟ್ಟೆ ಬೆಳೆಯುತ್ತದೆ. ಒಣಗಿದರೆ ಕುಗ್ಗುತ್ತದೆ, ನೀರು ನಿಂತರೆ ಉಸಿರುಕಟ್ಟುತ್ತದೆ. ಬಲ್ಬಿನ ಡಬ್ಬಿ ಸೋಲೋದು ಇಲ್ಲೇ: ಬಲ್ಬು ಬಿಸಿ ಕೊಡುತ್ತದೆ, ಜೊತೆಗೆ ತೇವವನ್ನೂ ಒಣಗಿಸುತ್ತದೆ. ಸುಮಾರು 28ರಿಂದ 30 ಡಿಗ್ರಿ ಸಾಕು. ಬಿಸಿ ಮಿತಿ ಮೀರಿದರೆ ಮರಿ ಬೆನ್ನೆಲುಬು ಸೊಟ್ಟಗಾಗಿ ಹುಟ್ಟಬಹುದು, ಹುಟ್ಟದೇ ಸಾಯಲೂಬಹುದು.

ಇದನ್ನೆಲ್ಲ ಸೆನ್ಸರ್ ಇಲ್ಲದೇ ಸಾಧಿಸಿದ ಇಂಜಿನಿಯರ್ ನಮ್ಮ ಜಿಲ್ಲೆಯ ಆಗುಂಬೆಯಲ್ಲೇ ಇದ್ದಾಳೆ, ಕಾಳಿಂಗ ಸರ್ಪ. ಹೆಣ್ಣು ಕಾಳಿಂಗ ಮೈಯಿಂದಲೇ ತರಗೆಲೆ ಎಳೆದು ರಾಶಿ ಹಾಕಿ ಗೂಡು ಕಟ್ಟುತ್ತಾಳೆ. ಕೊಳೆಯುವ ಎಲೆ ಕಾವು ಕೊಡುತ್ತದೆ, ಒತ್ತಾದ ಮೇಲ್ಪದರ ಮಲೆನಾಡಿನ ಮಳೆಯನ್ನು ತಡೆಯುತ್ತದೆ. ಅಲ್ಲಿನ ಸಂಶೋಧಕರು ಗೂಡು ಕಿತ್ತು ತರಲ್ಲ, ಇದ್ದಲ್ಲೇ ಕಾಯುತ್ತಾರೆ. ಪಶ್ಚಿಮ ಘಟ್ಟದ ಈ ಹಾವಿಗೆ 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಹೆಸರಿಟ್ಟಾಗ, ನಮ್ಮ 'ಕಾಳಿಂಗ'ವೇ ಅದರ ವೈಜ್ಞಾನಿಕ ಹೆಸರಿನೊಳಗೆ ಸೇರಿತು.

ಇನ್ನು ಸಾಕುವ ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಸಂರಕ್ಷಿತ ಹಾವಿನ ಮೊಟ್ಟೆಗೆ ಹಾನಿ ಮಾಡುವುದು, ಅದನ್ನು ಕದಲಿಸುವುದು ಕೂಡ 'ಬೇಟೆ'ಯೇ. 2022ರ ತಿದ್ದುಪಡಿಯಲ್ಲಿ ನಾಗರಹಾವು, ಕೇರೆಹಾವು ಎರಡೂ ಮೊದಲ ಪರಿಚ್ಛೇದಕ್ಕೆ ಸೇರಿವೆ. ಕಾನೂನು ಬಿಡಿ ಅಂದರೂ, ನಾಗರಮರಿ ಮೊಟ್ಟೆಯಿಂದ ತಲೆ ಹಾಕುವಾಗಲೇ ವಿಷ ಇಟ್ಟುಕೊಂಡಿರುತ್ತದೆ. ಹಾಸ್ಟೆಲ್ ರೂಮಿನ ಡಬ್ಬಿಯಲ್ಲಿ ಹತ್ತಿಪ್ಪತ್ತು ಮರಿ ಹೊರಬಂದರೆ ಗತಿಯೇನು?

ಮೊಟ್ಟೆ ಕಂಡರೆ ಕೈ ಹಾಕಬೇಡಿ, ತಾಯಿ ಹತ್ತಿರದಲ್ಲೇ ಇರಬಹುದು. ಕೆಲಸ ನಿಲ್ಲಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅಲ್ಲೇ ಬಿಡಬಹುದಾದರೆ ಸುಮಾರು ಎರಡು ತಿಂಗಳು ಆ ಜಾಗದ ತಂಟೆಗೆ ಹೋಗದಿದ್ದರೆ ಸಾಕು. ಸಾಗಿಸಲೇಬೇಕಾದರೆ ಅದನ್ನು ಅವರು ನೋಡಿಕೊಳ್ಳುತ್ತಾರೆ.

ಆರ್ಡುಯಿನೊ ಏನೂ ದಂಡ ಆಗಲ್ಲ. ಮೊಟ್ಟೆಯಿಲ್ಲದ ತರಗೆಲೆ ರಾಶಿ ನೀವೇ ಹಾಕಿ, ಒಳಗೊಂದು ಹೊರಗೊಂದು ಸೆನ್ಸರ್ ಇಟ್ಟು ಒಂದು ವಾರ ಅಳೆದು ನೋಡಿ. ಎರಡು ಗೆರೆಗಳನ್ನು ಗ್ರಾಫಿನಲ್ಲಿ ಪಕ್ಕಪಕ್ಕ ಇಟ್ಟಾಗ ಕಾಳಿಂಗದ ಲೆಕ್ಕಾಚಾರ ಅರ್ಥವಾಗುತ್ತದೆ.