ಆಂಗ್ಲ ಕ್ರಾಂತಿಪಕ್ಷೀಯ ಕಾದಂಬರಿಗಳಲ್ಲಿ ದಾಂಪತ್ಯವಿಚಾರ

ಫ್ರಾನ್ಸಿನಲ್ಲಿ 1789ರಲ್ಲಿ ನಡೆದ ರಾಜ್ಯಕ್ರಾಂತಿಯ ತರುವಾಯ, ಅದರ ತತ್ತ್ವಗಳಿಗೆ ಒಲಿದ ಕೆಲವು ಆಂಗ್ಲ ಲೇಖಕಿಯರು ರಚಿಸಿದ ಕಾದಂಬರಿಗಳನ್ನು ವಿಮರ್ಶಕರು ರಾಜಕೀಯ ಕಥೆಗಳೆಂದು ಎಣಿಸುವರು. ಆದರೆ ಅವುಗಳ ಮುಖ್ಯ ಕಥೆ ನಡೆಯುವುದು ಗೃಹದೊಳಗೆ. ಇದಕ್ಕೆ ಕಾರಣವನ್ನು ಅಂದಿನ ಇಂಗ್ಲೆಂಡಿನ ವಿವಾಹನ್ಯಾಯದಲ್ಲಿಯೇ ಅರಸಬೇಕು.

ಸತಿಪತಿಗಳು ನ್ಯಾಯದ ದೃಷ್ಟಿಯಲ್ಲಿ ಒಂದೇ ವ್ಯಕ್ತಿಯೆಂದು ಬ್ಲ್ಯಾಕ್‌ಸ್ಟನ್ ಪಂಡಿತನು 1765ರಲ್ಲಿ ನಿರೂಪಿಸಿದನು. ಅದರ ಫಲವಾಗಿ ಪತ್ನಿಯ ಚರಸ್ವತ್ತೂ ಸಂಪಾದನೆಯೂ ಪತಿಗೆ ಸೇರುತ್ತಿದ್ದುವು; ಮಕ್ಕಳ ಮೇಲಣ ಅಧಿಕಾರವು ತಂದೆಯದು. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಸ್ತ್ರೀಧನವನ್ನು ವಿಸ್ತರಿಸಿ ವ್ಯಾಖ್ಯಾನಿಸಿದುದನ್ನು ಓದಿದ ನಮಗೆ ಇದು ವಿಚಿತ್ರವಾಗಿ ತೋರೀತು. ಹಾಗೆಂದು ಬೀಗಲು ಕಾರಣವಿಲ್ಲ. ಸ್ತ್ರೀಸ್ವಾತಂತ್ರ್ಯವನ್ನು ನಿಷೇಧಿಸುವ ಸ್ಮೃತಿವಚನಗಳೂ ನಮ್ಮವೇ.

ಷಾರ್ಲಟ್ ಸ್ಮಿತ್ ಎಂಬಾಕೆ ಹನ್ನೆರಡು ಮಕ್ಕಳ ತಾಯಿ. 1787ರಲ್ಲಿ ಪತಿಯನ್ನು ತ್ಯಜಿಸಿ, ಲೇಖನಿಯಿಂದಲೇ ಮಕ್ಕಳನ್ನು ಸಲಹಿದಳು. ಪತ್ರರೂಪದಲ್ಲಿರುವ ಆಕೆಯ 'ಡೆಸ್ಮಂಡ್' (1792) ಗ್ರಂಥದಲ್ಲಿ ವರ್ನಿಯೆಂಬ ದುರ್ವ್ಯಸನಿಯು ಧನಲೋಭದಿಂದ ಪತ್ನಿ ಜೆರಾಲ್ಡೀನಳನ್ನು ಫ್ರಾನ್ಸಿನ ಸಿರಿವಂತನೊಬ್ಬನ ವಶಕ್ಕೆ ಒಪ್ಪಿಸಲು ಹೊರಡುತ್ತಾನೆ. ಆದರೂ ಆಕೆ ಮರಣಾಸನ್ನನಾದ ಅವನ ಶುಶ್ರೂಷೆಗೆ ಹೋಗುತ್ತಾಳೆ. ರಾಜರ ನಿರಂಕುಶತ್ವವನ್ನು ಖಂಡಿಸುವ ಗ್ರಂಥವು ಪತಿಯ ನಿರಂಕುಶತ್ವದೆದುರು ಹೀಗೆ ತಲೆಬಾಗುವುದೇಕೆ? ಕಥೆಯನ್ನು ಬಿಡಿಸಲು ಲೇಖಕಿಗೆ ವರ್ನಿಯ ಮರಣವೇ ಬೇಕಾಯಿತು. ಇದು ಕಲಾದೋಷವೆಂದು ಕೆಲವರು ಹೇಳಬಹುದು. ನನಗಾದರೋ, ಆಗಿನ ನ್ಯಾಯವು ಬೇರೆ ದಾರಿಯನ್ನು ಉಳಿಸಿರಲಿಲ್ಲವೆಂದೇ ತೋರುತ್ತದೆ.

ಮೇರಿ ವುಲ್‌ಸ್ಟನ್‌ಕ್ರಾಫ್ಟಳು ಇನ್ನೂ ಮುಂದೆ ಹೋದಳು. ಆಕೆ 1797ರಲ್ಲಿ ಪ್ರಸವಾನಂತರ ಮೃತಳಾಗಲು, ಅಪೂರ್ಣವಾದ 'ಮರಾಯಾ' ಕಾದಂಬರಿಯನ್ನು ಪತಿ ಗಾಡ್ವಿನನು 1798ರಲ್ಲಿ ಪ್ರಕಟಿಸಿದನು. ಬಂಧುವೊಬ್ಬನು ಮಗುವಿಗೆ ಬಿಟ್ಟ ಸ್ವತ್ತಿನ ಆಶೆಯಿಂದ, ಪತಿಯು ಬುದ್ಧಿ ಸ್ವಸ್ಥವಾಗಿರುವ ನಾಯಿಕೆಯನ್ನು ಹುಚ್ಚರ ಮನೆಯಲ್ಲಿ ಬಂಧಿಸಿ ಮಗುವನ್ನು ಕಸಿದುಕೊಳ್ಳುತ್ತಾನೆ. ಅಲ್ಲಿ ಕಾವಲಿರುವ ಜೆಮೈಮಾ ಬಡತನದಲ್ಲಿ ಬೆಳೆದು ನೊಂದವಳು. ವಿವಾಹಿತೆಯ ದುಃಖಕ್ಕೂ ಅನಾಥೆಯ ದುಃಖಕ್ಕೂ ಮೂಲವೊಂದೇ ಎಂಬುದು ಇವರಿಬ್ಬರ ಸಂವಾದದಲ್ಲಿ ಗೋಚರಿಸುತ್ತದೆ. ಪತಿಯು ಆಕೆಯ ಪ್ರಿಯಕರನ ಮೇಲೆ ವ್ಯಾಜ್ಯ ಹೂಡಿದಾಗ ಮರಾಯಾ ತನ್ನ ಪಕ್ಷವನ್ನು ಬರೆದು ಒಪ್ಪಿಸುತ್ತಾಳೆ. ನ್ಯಾಯಾಧೀಶನು ಅದನ್ನು ತಿರಸ್ಕರಿಸುತ್ತ, ರಾಜ್ಯದಲ್ಲಾಗಲಿ ಮನೆಯಲ್ಲಾಗಲಿ ಫ್ರೆಂಚ್ ತತ್ತ್ವಗಳು ಬೇಡವೆನ್ನುತ್ತಾನೆ. ದಾಂಪತ್ಯವೂ ರಾಜಕೀಯವೇ ಎಂಬುದನ್ನು ಲೇಖಕಿಯು ವಿರೋಧಿಯ ಬಾಯಿಂದಲೇ ಆಡಿಸಿದ್ದಾಳೆ.

ಉಪಸಂಹಾರಕ್ಕಾಗಿ ಉಳಿದ ಟಿಪ್ಪಣಿಗಳಲ್ಲಿ ಒಂದರಂತೆ, ವಿಷಸೇವಿಸಿದ ಮರಾಯಳ ಮುಂದೆ ಜೆಮೈಮಾ ಮಗುವನ್ನು ತಂದು ನಿಲ್ಲಿಸುತ್ತಾಳೆ. ತಾಯಿ ಅದಕ್ಕಾಗಿ ಬದುಕಲು ನಿಶ್ಚಯಿಸುತ್ತಾಳೆ. ಆ ದೃಶ್ಯದಲ್ಲಿ ಪತಿಯೂ ಇಲ್ಲ, ಪ್ರಿಯಕರನೂ ಇಲ್ಲ.